ಇಂಜಿನಿಯರಿಂಗ್ ಕಾಲೇಜಿನಲ್ಲಿ ಬೆಳ್ಳುಳ್ಳಿ

ಕಳೆದ ಶನಿವಾರ ಒಂದು ಕೋಣೆ ತುಂಬ ಕೂತಿದ್ದ ಪಾಲಕರು ನನ್ನ ಕಣ್ಣೆದುರೇ ಒಂದು ಹಾಳೆಗೆ ಸಹಿ ಹಾಕಿದರು. ಹಾಳೆ ಮುಂದಿನ ಸಾಲಿನಿಂದ ಹೊರಟು ನನ್ನ ಕೈಗೆ ಬಂದಾಗ ಕಪ್ಪಿನಲ್ಲಿದ್ದ ಚಹಾ ಇನ್ನೂ ಬಿಸಿ ಇತ್ತು. ಅಷ್ಟು ಬೇಗ. ಯಾರೂ ಓದಿದಂತೆ ಕಾಣಲಿಲ್ಲ.

ನಾನು ಓದಿದೆ. ಎರಡು ಸಲ ಓದಿದೆ. ಪೆನ್ನಿನ ಟೋಪಿ ಹಾಕಿ ಹಾಳೆಯನ್ನು ಪಕ್ಕದವರಿಗೆ ದಾಟಿಸಿದೆ.

ಸಹಿ ಹಾಕಲಿಲ್ಲ.

ವಾಪಸ್ ಬರುವಾಗ ಬಸ್ಸು ಝಳಕಿ ಊರು ಮುಟ್ಟುವವರೆಗೆ ಮಗಳು ಭಾಗ್ಯಶ್ರೀ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಮುಖ ಕಿಟಕಿಯ ಕಡೆ, ಬ್ಯಾಗು ತೊಡೆಯ ಮೇಲೆ. (ಸಿಟ್ಟು ಬಂದರೆ ಮುಖ ತಿರುಗಿಸಿ ಕೂರುವುದು ಅವಳ ಅಪ್ಪನಿಂದ ಬಂದದ್ದು.)

ಅಂಥದ್ದೇನಿತ್ತು ಆ ಹಾಳೆಯಲ್ಲಿ?

ಈ ಅಂಕಣ ಓದುವವರಿಗೆ ನನ್ನ ಪರಿಚಯ ಇದೆ. ಇಂಡಿಯಲ್ಲಿ ಹೊಲಿಗೆ ಅಂಗಡಿ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮಗಳು ನಮ್ಮ ಜಿಲ್ಲೆಯದೇ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಾಳೆ, ಮೂರನೇ ವರ್ಷ. ಈ ವರ್ಷ ಅವರಿಗೆ ಬಯಾಲಜಿ ಎಂಬ ಪೇಪರ್ ಬಂದಿದೆ. ಹೌದು, ಮೆಕ್ಯಾನಿಕಲ್‌ನವರಿಗೆ ಬಯಾಲಜಿ. ಮೊದಲ ಸಲ ಕೇಳಿದಾಗ ನನಗೂ ನಗು ಬಂದಿತ್ತು. ನಟ್ಟು ಬೋಲ್ಟು ಬಿಗಿಯುವವರಿಗೆ ನರ, ರಕ್ತ, ಚರ್ಮ ಯಾಕೆ?

ಶನಿವಾರದ ಪಾಲಕರ ಸಭೆ ಕರೆದದ್ದು ಅದಕ್ಕೇ. ಹಾಳೆಯಲ್ಲಿ ಬರೆದದ್ದು ಇಷ್ಟು: ಬಯಾಲಜಿ ಕ್ಲಾಸ್ ನಿಲ್ಲಿಸಿ, ಆ ಅವಧಿಯನ್ನು ಪ್ಲೇಸ್‌ಮೆಂಟ್ ಟ್ರೇನಿಂಗ್‌ಗೆ ಕೊಡಲು ಪಾಲಕರ ಒಪ್ಪಿಗೆ ಇದೆ. ಪರೀಕ್ಷೆಯ ಹಿಂದಿನ ವಾರ ನೋಟ್ಸ್ ಮತ್ತು ಇಂಪಾರ್ಟೆಂಟ್ ಪ್ರಶ್ನೆಗಳನ್ನು ಕೊಡಲಾಗುವುದು.

ವಿಭಾಗದ ಮುಖ್ಯಸ್ಥರು ಒಳ್ಳೆಯ ಮನುಷ್ಯರು. ಮುಚ್ಚಿಡದೆ ಹೇಳಿದರು. "ನೋಡ್ರಿ, ಪರೀಕ್ಷಾ ನಾವು ತಗದ ಹಾಕಾಕ ಬರೂದಿಲ್ಲ. ಅದು ಮ್ಯಾಲಿನವರದು. ಕ್ಲಾಸ್ ನಮ್ಮ ಕೈಯಾಗ ಐತಿ. ಆದ್ರ ಎಲ್ಲಾರ ಸಹಿ ಬೇಕ್ರಿ. ನಾಳೆ ಯಾರೋ ಒಬ್ಬರು ನಮ್ಮ ಹುಡುಗಗ ಪಾಠನ ಮಾಡಲಿಲ್ಲ ಅನ್ನಬಾರದು."

ಎಲ್ಲರ ಸಹಿ. ಈ ಮಾತು ನೆನಪಿರಲಿ.

ನನ್ನ ಮುಂದಿನ ಸಾಲಿನಲ್ಲಿ ಸಿಂದಗಿಯ ತೊಗರಿ ವ್ಯಾಪಾರಿಯೊಬ್ಬರು ಕೂತಿದ್ದರು. ಎದ್ದು ನಿಂತು ಹೇಳಿದರು. "ಅಲ್ರಿ ಸರ, ಎರಡ ತಿಂಗಳ ಹಿಂದ ನಮ್ಮ ಹುಡುಗ ಮನಿಗಿ ಬಂದು ಅಂತಾನ, ಅಪ್ಪಾ, ಇವತ್ತ ಕ್ಲಾಸಿನ್ಯಾಗ ಅಂಗಾಲಿಗಿ ಬಳ್ಳೊಳ್ಳಿ ತಿಕ್ಕಿದ್ವಿ ಅಂತ. ಇಂಜಿನಿಯರಿಂಗಿಗಿ ಬಳ್ಳೊಳ್ಳಿ ಏನ್ ಸಂಬಂಧ್ರಿ? ನಾ ಅಂದೆ, ಹಂಗಿದ್ರ ನಿಮ್ಮಜ್ಜಿನ್ನ ಪ್ರೊಫೆಸರ್ ಮಾಡ್ರೆಪಾ, ಆಕಿ ಮದ್ಲಿಂದ ತಿಕ್ಕಾಕತ್ತಾಳ."

ಕೋಣೆ ನಕ್ಕಿತು. ಬಸವನ ಬಾಗೇವಾಡಿಯಿಂದ ಬಂದ ಒಬ್ಬ ಮಾಸ್ತರರು ಹಿಂದಿನಿಂದ ಸೇರಿಸಿದರು. "ಒಗ್ಗರಣಿ ಪ್ರ್ಯಾಕ್ಟಿಕಲ್ ಯಾವಾಗ ಐತಿ ಕೇಳ್ರಿ. ಅದರ ಮಾರ್ಕ್ಸ್ ನಮ್ಮ ಮಗಳು ಔಟ್ ಆಫ್ ಔಟ್ ತಗೋತಾಳ."

ಮತ್ತೆ ನಗು. ಬೆಳ್ಳುಳ್ಳಿ ಪಾಠ ಮಾಡಿದ ಸವಿತಾ ಮೇಡಂ ಅಲ್ಲೇ ಇದ್ದರು. ಮುದ್ದೇಬಿಹಾಳದ ಹುಡುಗಿ, ಎಂಎಸ್ಸಿ ಮಾಡಿ ಅತಿಥಿ ಉಪನ್ಯಾಸಕಿಯಾಗಿ ಬಂದಿದ್ದಾರೆ. ಆ ದಿನ ಅವರಿಗೆ ಪಾಲಕರಿಗೆ ಬಿಸ್ಕಿಟ್ ಹಂಚುವ ಕೆಲಸ ಕೊಟ್ಟಿದ್ದರು. ತೊಗರಿ ವ್ಯಾಪಾರಿಯ ಮುಂದೆ ತಟ್ಟೆ ಹಿಡಿದು, "ತಗೋರಿ ಸರ" ಎಂದರು. ಅವರು ಎರಡು ತೆಗೆದುಕೊಂಡರು.

ನಾನು ನಗಲಿಲ್ಲ. ಯಾಕೆಂದರೆ ಆ ಬೆಳ್ಳುಳ್ಳಿ ನನ್ನ ಮನೆಗೂ ಬಂದಿತ್ತು.

ಈಗ ಎರಡು ವರ್ಷ ಹಿಂದೆ ಹೋಗಬೇಕು. ಈ ಎರಡು ವರ್ಷದಲ್ಲಿ ಈ ಜಾಗದಲ್ಲಿ ಏನೆಲ್ಲ ಬರೆದೆ. ಬಸ್ಸಿನ ಜಗಳ, ಗಿರಾಕಿಗಳ ಗದ್ದಲ, ಊರ ಸೊಸೆಯಂದಿರ ಬ್ಲೌಸ್ ಡಿಸೈನು. ಅದೊಂದನ್ನು ಮಾತ್ರ ಬರೆಯಲಿಲ್ಲ. ನೀವೂ ಕೇಳಲಿಲ್ಲ. ಅದಕ್ಕೆ ಉಪಕಾರ.

ನನ್ನ ಗಂಡ ತೀರಿಕೊಂಡರು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವ ರೂಢಿ ಇಲ್ಲ. ಈಗ ನಾನು ಹೇಳದಿದ್ದರೆ ಮತ್ತೆ ಯಾರು ಹೇಳಬೇಕು? ಗುರುಪಾದ. ಸಾಲೋಟಗಿ ದಾರಿಯಲ್ಲಿ ನಮ್ಮದು ಲಿಂಬೆ ತೋಟ. ಚೆನ್ನಾಗಿಯೇ ನಡೆದಿತ್ತು. ಅವರ ಕೈಯಲ್ಲಿ ಗಿಡ ಒಣಗಿದ್ದು ನಾನು ಕಂಡಿಲ್ಲ.

ಆ ವಾರ ಲಿಂಬೆಗೆ ಎಣ್ಣಿ ಹೊಡೆಯುತ್ತಿದ್ದರು. ಎಣ್ಣಿ ಎಂದರೆ ನಮ್ಮ ಕಡೆ ಹುಳದ ಔಷಧ. ಬೆನ್ನಿಗೆ ಹಾಕಿಕೊಳ್ಳುವ ಪಂಪು, ತುಂಬಿದರೆ ಒಂದು ಮಗುವಿನಷ್ಟು ಭಾರ. ಬಾಯಿಗೆ, ಮೂಗಿಗೆ ಟವೆಲ್ ಗಟ್ಟಿಯಾಗಿ ಬಿಗಿದುಕೊಳ್ಳುತ್ತಿದ್ದರು. ವಿಷ ಬಾಯಿಂದ ತಾನೇ ಒಳಗೆ ಹೋಗುವುದು? ನಮಗೆಲ್ಲ ಗೊತ್ತಿದ್ದದ್ದು ಅಷ್ಟೇ.

ಮೂರನೆಯ ದಿನ ಮಧ್ಯಾಹ್ನ ಮನೆಗೆ ಬಂದವರು ಹೊಸ್ತಿಲ ಮೇಲೆ ಕೂತರು. "ಕಣ್ಣ ಮಂಜ ಆಗ್ಯಾವು ನೋಡು" ಎಂದರು. ಬೆವರು ಹರಿಯುತ್ತಿತ್ತು. ಬಾಯಲ್ಲಿ ನೀರು ಸುರಿಯುತ್ತಿತ್ತು. ತೊಡೆಯ ಮಾಂಸ ತಾನೇ ತಾನಾಗಿ ಅದುರುತ್ತಿತ್ತು. ಬಿಸಿಲು ಬಡಿದಿದೆ ಎಂದು ಮಜ್ಜಿಗೆ ಕೊಟ್ಟೆ. ಒದ್ದೆ ಅಂಗಿ ತೆಗೆಯಬೇಕು, ಬೆನ್ನು ತೊಳೆಯಬೇಕು ಎಂದು ನನಗೆ ಹೊಳೆಯಲಿಲ್ಲ. ಬೆವರಿನ ಅಂಗಿ, ಅಷ್ಟೇ ಅಂದುಕೊಂಡೆ. ಅದೇ ಅಂಗಿಯಲ್ಲಿ ಆಸ್ಪತ್ರೆಗೆ ಹೋದೆವು.

ಅಲ್ಲಿ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ ನನ್ನ ಕಡೆ ತಿರುಗಿದರು. "ಎಣ್ಣಿ ಎಷ್ಟ ಕುಡದಾರ?"

"ಕುಡದಿಲ್ರಿ, ಹೊಡ್ಯಾಕ ಹೋಗಿದ್ರು" ಎಂದೆ.

ಅವರು ಇನ್ನೊಮ್ಮೆ ಕೇಳಲಿಲ್ಲ. ಮಾಡಬೇಕಾದ್ದನ್ನೆಲ್ಲ ಮಾಡಿದರು. ಅವರ ಮೇಲೆ ನನ್ನ ದೂರಿಲ್ಲ. ಅಂಥ ಕೇಸು ಅವರಿಗೆ ದಿನಾ ಬರುತ್ತವೆ, ಬಂದವರ ಮನೆಯವರೆಲ್ಲ ಕುಡಿದಿಲ್ಲ ಎಂದೇ ಹೇಳುತ್ತಾರೆ. ಆದರೆ ಆ ಒಂದು ಪ್ರಶ್ನೆ ಆಸ್ಪತ್ರೆಯ ಕಾರಿಡಾರ್ ದಾಟಿ ನಮಗಿಂತ ಮೊದಲು ಊರು ಸೇರಿತು.

ಮಣ್ಣು ಮಾಡಿ ಬಂದ ಮೂರನೆಯ ದಿನ ಓಣಿಯ ಒಬ್ಬ ಹಿರಿಯಳು ನನ್ನ ಪಕ್ಕ ಕೂತು, ಬೆನ್ನು ಸವರಿ ಕೇಳಿದಳು. "ಮುಂಜಾನಿ ಏನರೆ ಅಂದಿದ್ದೇನವಾ ಅವಗ?"

ಅಂದಿದ್ದೆ. ಅದೇ ಕಷ್ಟ. ಆ ದಿನ ಬೆಳಿಗ್ಗೆ ನಮ್ಮಿಬ್ಬರಿಗೆ ಮಾತು ಬೆಳೆದಿತ್ತು. ಜಗಳ ಯಾವುದಕ್ಕೆ? ರೊಟ್ಟಿ ಬುಟ್ಟಿಯ ಮೇಲೆ ಒದ್ದೆ ಟವೆಲ್ ಇಟ್ಟಿದ್ದಕ್ಕೆ. "ನಿಮಗ ಎಷ್ಟ ಸಲ ಹೇಳೂದು" ಎಂದಿದ್ದೆ. ಅವರು ಮುಖ ತಿರುಗಿಸಿ ಹೋದರು. ಅಷ್ಟಕ್ಕೆ ಯಾರಾದರೂ ಎಣ್ಣಿ ಕುಡಿಯುತ್ತಾರೆಯೇ? ಇಲ್ಲ ಎಂದು ಹಗಲೆಲ್ಲ ಹೇಳಿಕೊಳ್ಳುತ್ತಿದ್ದೆ. ಹೊಲಿಗೆ ಮಷಿನ್ ತುಳಿಯುವಾಗ, ಗುಂಡಿ ಹಚ್ಚುವಾಗ, ಮತ್ತೆ ಅದೇ. ಅರ್ಧ ಮನಸ್ಸು ಊರಿನ ಮಾತನ್ನು ನಂಬಿಬಿಟ್ಟಿತ್ತು. ಮಗಳಿಗೂ ಹಾಗೇ ಆಗಿರಬೇಕು, ಅವಳು ನನ್ನ ಮುಂದೆ ಒಮ್ಮೆಯೂ ಅಪ್ಪನ ಸುದ್ದಿ ತೆಗೆಯುತ್ತಿರಲಿಲ್ಲ.

ಹೀಗೆ ಎರಡು ವರ್ಷ. ಒಂದೇ ಸೂರಿನ ಕೆಳಗೆ, ಒಬ್ಬರನ್ನೊಬ್ಬರು ಕೇಳದೆ.

ಎರಡು ತಿಂಗಳ ಹಿಂದೆ ಒಂದು ಭಾನುವಾರ. ಭಾಗ್ಯಾ ಹಾಸ್ಟೆಲ್‌ನಿಂದ ಬಂದಿದ್ದಳು. ಅಡುಗೆ ಮನೆಯಲ್ಲಿ ಏನನ್ನೋ ಹುಡುಕಿ, ಬೆಳ್ಳುಳ್ಳಿ ಜಜ್ಜಿಕೊಂಡು ಬಂದಳು.

"ಯವ್ವಾ, ಕಾಲ ಚಾಚು."

"ಯಾಕ? ನಂಗೇನ್ ಆಗೇತಿ?"

"ಚಾಚಂದ್ರ ಚಾಚು."

ಎರಡೂ ಅಂಗಾಲಿಗೆ ಬೆಳ್ಳುಳ್ಳಿ ಹಚ್ಚಿದಳು. ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ಕಣಕಾಲಿಗೆ ದಾರದಿಂದ ಬಿಗಿದಳು, ವಾಸನೆ ಮೂಗಿಗೆ ಬರಬಾರದು ಅಂತ. ಉಳಿದ ಬೆಳ್ಳುಳ್ಳಿಯನ್ನು ಹಿತ್ತಲಿಗೆ ಒಯ್ದು ಹೂತಳು. ಕೈ ತೊಳೆದು ಬಂದು, "ಈಗ ಟಿವಿ ನೋಡಕೋತ ಕುಂದ್ರು" ಎಂದಳು.

ಧಾರಾವಾಹಿ ಮುಗಿದು ಇನ್ನೊಂದು ಅರ್ಧ ನಡೆದಿತ್ತು. ನನ್ನ ಬಾಯಲ್ಲಿ ಬೆಳ್ಳುಳ್ಳಿ ರುಚಿ ಬಂತು. ನಾಲಿಗೆಯ ಮೇಲೆ, ಚಟ್ನಿಪುಡಿ ತಿಂದ ಹಾಗೆ.

"ಬಳ್ಳೊಳ್ಳಿ ಬಾಯಾಗ ಹೆಂಗ ಬಂತ?" ಎಂದೆ.

ಭಾಗ್ಯಾ ಟಿವಿ ಬಂದ್ ಮಾಡಿದಳು. ನನ್ನ ಮುಖ ನೋಡದೆ ಹೇಳಿದಳು. "ಸವಿತಾ ಮೇಡಂ ಕ್ಲಾಸಿನ್ಯಾಗ ಮಾಡಿ ತೋರ್ಸಿದ್ರು. ಚರ್ಮ ಅಂದ್ರ ಗ್ವಾಡಿ ಅಲ್ಲ. ಕೆಲವೊಂದು ವಸ್ತು ಅದರಾಗಿಂದ ದಾಟಿ ರಕ್ತಕ್ಕ ಹೋಗ್ತಾವು. ಬಿಸಲಾಗ, ಬೆವತಿದ್ರ ಇನ್ನೂ ಜಲ್ದಿ." ರಿಮೋಟ್ ಕೆಳಗಿಟ್ಟು ಅಂದಳು. "ಹುಳದ ಎಣ್ಣಿನೂ ಹೋಗ್ತೈತಿ. ನಾ ಕ್ಲಾಸ್ ಮುಗದ ಮ್ಯಾಲ ಮೇಡಂನ ಕೇಳಿದೆ."

ನನಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು.

"ಅಪ್ಪ ಕುಡದಿಲ್ಲ ಅವ್ವ" ಎಂದಳು.

ಎರಡು ವರ್ಷದಲ್ಲಿ ಮೊದಲ ಸಲ ನಾವಿಬ್ಬರೂ ಕೂಡಿ ಅತ್ತೆವು. ಕಾಲಿಗೆ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು.

ಇಲ್ಲಿಗೆ ನಿಲ್ಲಿಸಿದರೆ ಚೆಂದ. ಆದರೆ ನನ್ನ ಮಗಳು ಮೆಕ್ಯಾನಿಕಲ್ ಓದುವವಳು, ಬಾಯಿಮಾತಿಗೆ ಒಪ್ಪುವವಳಲ್ಲ. ಮರುದಿನ ತೋಟದ ಶೆಡ್ಡಿನಿಂದ ಪಂಪು ಹೊರಗೆ ತೆಗೆದಳು. ಕೈಗೆ ಕವರ್ ಕಟ್ಟಿಕೊಂಡು, ಸೋಪಿನ ನೀರು ಹಾಕಿ ಮೂರು ನಾಲ್ಕು ಸಲ ತೊಳೆದಳು. ಅರಿವೆಗೆ ಹಾಕುವ ನೀಲಿ ಕಲಿಸಿ ನೀರು ತುಂಬಿದಳು. ಒಳಗೆ ರೇನ್‌ಕೋಟ್, ಮೇಲೆ ಅಪ್ಪನ ಒಂದು ಹಳೆಯ ಬಿಳಿ ಬನಿಯನ್ನು. ಪಂಪು ಬೆನ್ನಿಗೇರಿಸಿ, ಲಿಂಬೆ ಗಿಡದ ಕೆಳಗೆ ಹೋದಳು.

ಲಿಂಬೆಗೆ ಎಣ್ಣಿ ಹೊಡೆಯುವವರು ನೆಟ್ಟಗೆ ನಿಂತು ಹೊಡೆಯುವುದಿಲ್ಲ. ಟೊಂಗೆ ಕೆಳಗೆ ಇಳಿದಿರುತ್ತವೆ, ತುಂಬ ಮುಳ್ಳು. ಬಗ್ಗಿ ಒಳಗೆ ತೂರಿ ಹೊಡೆಯಬೇಕು. ಪಂಪಿನ ಮುಚ್ಚಳದಲ್ಲಿ ಗಾಳಿಗೆಂದು ಒಂದು ಸಣ್ಣ ತೂತು ಇರುತ್ತದೆ. ನಮ್ಮ ಪಂಪಿನಲ್ಲಿ ಅದು ಬೆನ್ನಿನ ಕಡೆಗೇ ಇತ್ತು. ಭಾಗ್ಯಾ ಬಗ್ಗಿದಾಗಲೆಲ್ಲ ಅಲ್ಲಿಂದ ನೀಲಿ ನೀರು ತೊಟ್ಟಿಕ್ಕಿತು. ನಿಂತಾಗ ನಿಲ್ಲುತ್ತಿತ್ತು. ಮಾಡಿದವನು ನಿಂತ ಮನುಷ್ಯನಿಗೆ ಮಾಡಿದ್ದ.

ಆದರೂ ಬನಿಯನ್ನಿಗೆ ಹೆಚ್ಚು ಹತ್ತಲಿಲ್ಲ. ಸೊಂಟದ ಹತ್ತಿರ ಒಂದೆರಡು ಗೆರೆ. ಉಳಿದ ನೀರು ಪಂಪಿನ ಮೈಗುಂಟ ಇಳಿದು ನೆಲಕ್ಕೆ ಬಿತ್ತು.

ಆಗ ನಾನೇ ಹೇಳಿದೆ. "ಅದಕ್ಕ ಮೆತ್ತಿ ಇತ್ತಲ್ಲ."

ಭಾಗ್ಯಾ, "ಇರ್ಲಿ ಬಿಡು" ಎಂದಳು. ಬೇಗ ಹೇಳಿದಳು. ಅವಳಿಗೆ ಆಗಲೇ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು. ಹಳೆಯ ಮೆತ್ತೆ ಪಂಪಿನ ಮೇಲೆ ಇರಲಿಲ್ಲ. ಅವಳು ಬಿಚ್ಚಿ ಎಲ್ಲೋ ಇಟ್ಟಿದ್ದಳು.

ಆ ಮೆತ್ತೆ ಹೊಲಿದವಳು ನಾನು. ಪಂಪಿನ ಗಟ್ಟಿ ಪ್ಲಾಸ್ಟಿಕ್ ಅವರ ಬೆನ್ನು ಉಜ್ಜಿ ಕೆಂಪಾಗುತ್ತಿತ್ತು. ಅದಕ್ಕೆ ನನ್ನ ಹಳೆಯ ಎರಡು ಸೀರೆ ಮಡಚಿ, ಕೌದಿ ಹೊಲಿದ ಹಾಗೆ ಒತ್ತಾಗಿ ದಾರ ಹಾಕಿ, ನಾಲ್ಕು ಮೂಲೆಗೆ ಕಟ್ಟಲು ಕಸಿ ಹಚ್ಚಿ ಕೊಟ್ಟಿದ್ದೆ. ನಮ್ಮ ಕಡೆ ಮನೆ ಮನೆಯಲ್ಲಿ ಹೆಂಗಸರು ಇದನ್ನು ಹೊಲಿದು ಕೊಡುತ್ತಾರೆ. ಅವರಿಗೆ ಅದು ಬಹಳ ಸೇರಿತ್ತು. "ಗಾದಿ ಮ್ಯಾಲ ಮಲಗಿದಂಗ ಆಗ್ತೈತಿ" ಎನ್ನುತ್ತಿದ್ದರು.

ನಾನು ಅಂಗಡಿಗೆ ಹೋಗಿ ಅದೇ ಅಳತೆಯಲ್ಲಿ, ಬಿಳಿ ಬಟ್ಟೆಯಲ್ಲಿ, ಇನ್ನೊಂದು ಮೆತ್ತೆ ಹೊಲಿದು ತಂದೆ. ಭಾಗ್ಯಾ ಬೇಡ ಎಂದಳು. ನಾನು ಕೇಳಲಿಲ್ಲ. ಪಂಪಿಗೆ ಕಟ್ಟಿದೆವು. ಅವಳು ಮತ್ತೆ ಬಗ್ಗಿದಳು, ಮತ್ತೆ ಎದ್ದಳು, ಒಂದು ಸಾಲು ಗಿಡ ಮುಗಿಸಿದಳು.

ಈ ಸಲ ನೆಲಕ್ಕೆ ಒಂದು ಹನಿಯೂ ಬೀಳಲಿಲ್ಲ. ಎಲ್ಲವನ್ನೂ ಮೆತ್ತೆ ಕುಡಿದಿತ್ತು. ಬಿಚ್ಚಿದಾಗ ಬನಿಯನ್ನಿನ ಬೆನ್ನು ಹೆಗಲಿನಿಂದ ಸೊಂಟದವರೆಗೆ ನೀಲಿ.

ಮೂರು ದಿನ ಅವರು ಅದನ್ನು ಬೆನ್ನಿಗೆ ಕಟ್ಟಿಕೊಂಡು ಬಿಸಿಲಲ್ಲಿ ದುಡಿದಿದ್ದರು.

ಇದನ್ನು ಓದಿ ಯಾರೂ ನನಗೆ ಸಮಾಧಾನ ಹೇಳಲು ಬರಬೇಡಿ. "ನಿನಗೇನು ಗೊತ್ತಿತ್ತು" ಎನ್ನಬೇಡಿ. ಅದೇ ಮಾತನ್ನು ಆ ಪಂಪು ಮಾಡಿದವನೂ ಹೇಳುತ್ತಾನೆ. ಅವನು ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವನು, ನಾನು ಹತ್ತನೆಯ ಇಯತ್ತೆ. ಇಬ್ಬರೂ ಮಾಡಿದ್ದು ಒಂದೇ ತಪ್ಪು. ಬೆನ್ನು ನೋಯಬಾರದು ಎಂದು ನಾನು ನೋಡಿದೆ, ನೀರು ಸರಾಗ ಹರಿಯಬೇಕು ಎಂದು ಅವನು ನೋಡಿದ. ನಡುವೆ ಇದ್ದ ಚರ್ಮವನ್ನು ಇಬ್ಬರೂ ನೋಡಲಿಲ್ಲ. ನನಗೆ ಯಾರೂ ಕಲಿಸಲಿಲ್ಲ, ನಿಜ. ಅವನಿಗೂ ಕಲಿಸಲಿಲ್ಲ. ಕಲಿಸಲು ಹೊರಟ ಪಾಠವನ್ನು ಈಗ ಸಹಿ ಹಾಕಿ ನಿಲ್ಲಿಸಬೇಕಂತೆ.

ನಾನು ಹೊಲಿಗೆಯವಳು. ನನ್ನ ಅಂಗಡಿಗೆ ಬರುವ ಹೆಂಗಸರು ಹಳೆಯ ಬ್ಲೌಸ್ ಕೊಟ್ಟು "ಇದರ ಅಳತಿಗಿ ಹೊಲಿ" ಎನ್ನುತ್ತಾರೆ. ನಾನು ಒಪ್ಪುವುದಿಲ್ಲ, ಟೇಪ್ ತೆಗೆಯುತ್ತೇನೆ. ಮೈ ಹೋದ ವರ್ಷ ಇದ್ದ ಹಾಗೆ ಈ ವರ್ಷ ಇರುವುದಿಲ್ಲ. ಕೈ ಎತ್ತಿದರೆ ಕಂಕುಳಲ್ಲಿ ಹಿಡಿಯುತ್ತದೆಯೇ, ಬಗ್ಗಿದರೆ ಬೆನ್ನಲ್ಲಿ ಬಿಗಿಯುತ್ತದೆಯೇ, ಹಾಕಿಸಿ ನೋಡುತ್ತೇನೆ. ಒಂದು ಕುಬಸಕ್ಕೆ ಇಷ್ಟು. ದಿನವಿಡೀ ಹೊತ್ತುಕೊಂಡು ತಿರುಗುವ ಯಂತ್ರಕ್ಕೆ ಇಷ್ಟೂ ಬೇಡವೇ?

ಇನ್ನು ಬಸ್ಸಿನ ಮೆಟ್ಟಿಲು. ಯಾರ ಮೊಣಕಾಲು ಅಳೆದು ಅದನ್ನು ಅಷ್ಟು ಎತ್ತರ ಮಾಡಿದ್ದು? (ನನ್ನ ಹೊಲಿಗೆ ಮಷಿನ್ನಿನದೂ ಅದೇ ಕಥೆ. ಅದರ ಎತ್ತರಕ್ಕೆ ನನ್ನ ಕುತ್ತಿಗೆ ಬಗ್ಗಿಸಿ ಬಗ್ಗಿಸಿ ಇಪ್ಪತ್ತು ವರ್ಷ ಆಯಿತು. ಈಗ ಕುತ್ತಿಗೆಯೇ ಮಷಿನ್ನಿನ ಆಕಾರಕ್ಕೆ ಬಂದಿದೆ.)

ಈ ಬಯಾಲಜಿ ಪೇಪರ್ ಬಂಗಾರ ಎಂದು ನಾನು ಹೇಳುತ್ತಿಲ್ಲ. ಭಾಗ್ಯಾಳ ನೋಟ್ಸ್ ತಿರುವಿ ನೋಡಿದೆ. ಮೆದುಳು ಎಂದರೆ ಕಂಪ್ಯೂಟರ್, ಕಣ್ಣು ಎಂದರೆ ಕ್ಯಾಮೆರಾ, ಹೃದಯ ಎಂದರೆ ಪಂಪ್. ಬಾಯಿಪಾಠ ಮಾಡಿ ಬರೆದು ಬಂದರೆ ಮುಗಿಯಿತು. ಹೃದಯ ಪಂಪಿನ ಹಾಗೆ ಎಂದು ಕಲಿಸುತ್ತೀರಿ, ಒಳ್ಳೆಯದು. ಪಂಪು ಹೊರುವವನಿಗೆ ಹೃದಯ ಇದೆ ಎಂದು ಯಾವ ಯೂನಿಟ್‌ನಲ್ಲಿ ಬರುತ್ತದೆ?

ಪುಸ್ತಕದಲ್ಲಿ ಬರುವುದಿಲ್ಲ. ಸವಿತಾ ಮೇಡಂ ಅಂಥವರು ಬೆಳ್ಳುಳ್ಳಿ ತಂದಾಗ ಬರುತ್ತದೆ.

ಮತ್ತೆ ಸಭೆಗೆ ಬರುತ್ತೇನೆ. ಹಾಳೆ ಸುತ್ತು ಮುಗಿಸಿ ಮುಖ್ಯಸ್ಥರ ಕೈ ಸೇರಿತು. ಅವರು ಬೆರಳು ಓಡಿಸಿ ಎಣಿಸಿ, "ಭಾಗ್ಯಶ್ರೀ ಗುರುಪಾದ ಅವರ ಪಾಲಕರು?" ಎಂದು ತಲೆ ಎತ್ತಿದರು.

ಎದ್ದು ನಿಂತೆ. ನಾಲ್ಕು ಜನರ ಮುಂದೆ ಮಾತಾಡಿ ರೂಢಿ ಇಲ್ಲ. ನನ್ನದೆಲ್ಲ ಬರವಣಿಗೆ.

"ನಾ ಸಹಿ ಹಾಕಾಂಗಿಲ್ರಿ ಸರ. ಈ ಕ್ಲಾಸ್ ನಡೀಬೇಕು."

"ಯಾಕ್ರಿ ಅಮ್ಮಾರ?"

ಹೇಳಿದೆ. ಈಗ ನಿಮಗೆ ಹೇಳಿದ್ದರ ಕಾಲು ಭಾಗ ಹೇಳಿರಬಹುದು. ಪಂಪು, ತೂತು, ಮೆತ್ತೆ. "ನಮ್ಮ ಮನಿಯವರು ಎಣ್ಣಿ ಕುಡದ ಸತ್ತಿಲ್ರಿ. ಬೆನ್ನಿಂದ ಹೋಗೈತ್ರಿ ಅದು. ಈ ಅಕ್ಕಾರ ಕ್ಲಾಸ್ ಇಲ್ಲಂದ್ರ ನಾ ಸಾಯೂತನ ಅದನ್ನ ತಿಳೀತಿರಲಿಲ್ಲ" ಎಂದು ಸವಿತಾ ಮೇಡಂ ಕಡೆ ಕೈ ಮಾಡಿದೆ. ಅವರು ಬಿಸ್ಕಿಟ್ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು.

ಮೊದಲು ಮಾತಾಡಿದವರು ಸಿಂದಗಿಯ ವ್ಯಾಪಾರಿ. ದನಿ ಇಳಿದಿತ್ತು, ಹಟ ಇಳಿದಿರಲಿಲ್ಲ. "ಬಾಳ ಕೆಟ್ಟ ಆತ್ರಿ ತಂಗಿ. ಆದ್ರ ಅದನ್ನ ಪಂಪ್ ಮಾಡೂ ಕಂಪನಿಗಿ ಕೇಳಬೇಕು. ನಮ್ಮ ಹುಡುಗರಿಗಿ ಯಾಕ?"

"ಕಂಪನಿ ಅಂದ್ರ ಯಾರ್ರಿ ಅಣ್ಣಾ?" ಎಂದೆ. "ಇನ್ನ ಎರಡ ವರ್ಷಕ್ಕ ಅಲ್ಲಿ ಹೋಗಿ ಕುಂದ್ರಾಂವ ನಿಮ್ಮ ಮಗನ ಅಲ್ಲೇನ್ರಿ?"

ಆಲಮಟ್ಟಿಯಿಂದ ಬಂದಿದ್ದ ಒಬ್ಬರು, ಕಾಲುವೆ ಆಫೀಸಿನಲ್ಲಿ ಕೆಲಸ, ಸ್ವಲ್ಪ ಹೊಲವೂ ಇದೆಯಂತೆ, ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು. "ಅಕ್ಕಾರ, ಆ ತೂತ ಮುಚ್ಚಳದಾಗ ಯಾವ ಕಡೆ ಇತ್ರಿ?"

"ಬೆನ್ನ ಕಡೆ."

"ನಂದೂ ಹಂಗ ಐತಿ" ಎಂದರು. "ಮೆತ್ತಿನೂ ಐತಿ. ನಮ್ಮಾಕಿ ಹೊಲದಾಳ." ಫೋನ್ ತೆಗೆದುಕೊಂಡು ಹೊರಗೆ ಹೋದರು. ಬಾಗಿಲ ಆಚೆ ಅವರ ದನಿ ಕೇಳಿಸಿತು. "ಲೇ, ಆ ಪಂಪ್ ಮುಟ್ಟಬ್ಯಾಡ್ರಿ ಇವತ್ತ. ನಾ ಬರೂತನ ಯಾರೂ ಮುಟ್ಟಬ್ಯಾಡ್ರಿ. ಹೇಳೇನಿ ನೋಡು."

ನನಗೆ ಆ ಸಭೆಯಿಂದ ಸಿಕ್ಕದ್ದು ಆ ಒಂದು ಫೋನ್. ಅವರ ಸಹಿಯೂ ಹಾಳೆಯ ಮೇಲೆ ಇತ್ತು, ಇನ್ನೂ ಇದೆ. ಯಾರೂ ಸಹಿ ಹೊಡೆದುಹಾಕಲಿಲ್ಲ. ಮುಖ್ಯಸ್ಥರು, "ನಿಮ್ಮ ದುಃಖ ನಮಗ ತಿಳೀತೈತ್ರಿ ಅಮ್ಮಾರ. ವಿಚಾರ ಮಾಡ್ರಿ, ಫೋನ್ ಮಾಡ್ತೇನಿ" ಎಂದು ಸಭೆ ಮುಗಿಸಿದರು.

ಝಳಕಿಯಲ್ಲಿ ಬಸ್ಸು ನಿಂತಾಗ ಭಾಗ್ಯಾ ಬಾಯಿ ಬಿಟ್ಟಳು.

"ಹುಡುಗ್ರ ಕಡೆಯಿಂದನೂ ಅಂಥಾದ ಒಂದು ಹಾಳಿಗಿ ಸಹಿ ತಗೊಂಡಾರ, ನಾನೂ ಹಾಕೇನಿ. ನಿನಗ ಹೇಳಿರಲಿಲ್ಲ."

"ಯಾಕ ಹಾಕಿದಿ?"

"ಆ ಕ್ಲಾಸಿನ್ಯಾಗ ನಂಗ ಕುಂದ್ರಾಕ ಆಗೂದಿಲ್ಲ ಅವ್ವ. ಮೇಡಂ ಬೋರ್ಡಿನ ಮ್ಯಾಲ ಚರ್ಮದ ಚಿತ್ರ ತಗದ್ರ ಎಲ್ಲಾರೂ ಲೇಬಲ್ ಬರಕೋತಾರ. ನನಗ ಅಪ್ಪನ ಬೆನ್ನ ಕಾಣಸ್ತೈತಿ."

ಸಿಟ್ಟು ನನ್ನ ಮೇಲಲ್ಲ ಎಂದು ತಿಳಿಯಿತು. ಬಸ್ಸಿನ ಹೊರಗೆ ಕಡಲೆ ಮಾರುವವರು ಕೂಗುತ್ತಿದ್ದರು. ಒಂದು ಪೊಟ್ಟಣ ತೆಗೆದುಕೊಂಡು ಅವಳ ಕೈಗೆ ಕೊಟ್ಟೆ.

"ಉಳದವರಿಗಿ ಲೇಬಲ್ ಕಾಣಸ್ತೈತಿ, ನಿನಗ ಬೆನ್ನ ಕಾಣಸ್ತೈತಿ. ಹಂಗಿದ್ರ ಅಲ್ಲಿ ಕುಂದ್ರಬೇಕಾದಾಕಿ ನೀನ."

"ನನ್ನ ಕೈಲಿ ಆಗಲಿಲ್ಲಂದ್ರ?"

"ಅತ್ತಕೋತ ಕುಂದ್ರು. ಎದ್ದ ಮಾತ್ರ ಬರಬ್ಯಾಡ."

ಕಡಲೆ ತಿಂದಳು. ನನಗೂ ಕೊಟ್ಟಳು. ಇಂಡಿಯವರೆಗೆ ಅವಳ ಮುಖ ಮತ್ತೆ ಕಿಟಕಿಯ ಕಡೆ ತಿರುಗಲಿಲ್ಲ.

ಸೋಮವಾರ ನನ್ನ ಸಹಿಗೆ ಕಾಯದೆ ಬಯಾಲಜಿ ಅವಧಿಗೆ ಎಲ್ಲ ಹುಡುಗರನ್ನೂ ಟ್ರೇನಿಂಗ್ ಹಾಲ್‌ಗೆ ಕಳಿಸಿದರಂತೆ. ಭಾಗ್ಯಾ ಹೋಗಲಿಲ್ಲ. ತನ್ನ ಬೆಂಚಿನಲ್ಲಿ ಕೂತಳು. ಸವಿತಾ ಮೇಡಂ ಹಾಜರಿ ಪುಸ್ತಕ ಹಿಡಿದು ಒಳಗೆ ಬಂದರು, ಖಾಲಿ ಬೆಂಚು ನೋಡಿದರು, ಒಂದು ಹೆಸರು ಕರೆದರು, ಇವಳು "ಪ್ರೆಸೆಂಟ್ ಮೇಡಂ" ಎಂದಳು. ಪೂರ್ತಿ ಅವಧಿ ಪಾಠ ಆಯಿತಂತೆ. ನಡುವೆ ಒಮ್ಮೆ ಅತ್ತಳಂತೆ. ಮೇಡಂ ಬೋರ್ಡ್ ಕಡೆ ತಿರುಗಿ ನಿಂತು, ಅವಳು ಮೂಗು ಒರೆಸಿಕೊಳ್ಳುವವರೆಗೆ ಏನನ್ನೋ ಬರೆಯುತ್ತಲೇ ಇದ್ದರಂತೆ. ಕ್ಲಾಸ್ ಮುಗಿಯುವಾಗ ಒಂದು ಕೆಲಸ ಕೊಟ್ಟಿದ್ದಾರೆ, ಮುಚ್ಚಳದ ತೂತು ಎಲ್ಲಿ ಇರಬೇಕಿತ್ತು ಎಂದು ಅಳತೆ ಹಾಕಿ ಚಿತ್ರ ತೆಗೆದು ತಾ ಎಂದು.

ನಿನ್ನೆ ಅಂಗಡಿಯಲ್ಲಿದ್ದೆ. ಕತ್ತರಿ ಕ್ಲಾತ್ ಮೇಲೆ ಇತ್ತು, ಫೋನ್ ಬಂತು. ಮುಖ್ಯಸ್ಥರು.

"ಅಮ್ಮಾರ, ನಿಮ್ಮದೊಂದ ಸಹಿ ಉಳದೈತ್ರಿ. ಎಲ್ಲಾರೂ ಹಾಕ್ಯಾರ."

"ಗೊತ್ತೈತ್ರಿ ಸರ."

"ನಿಮ್ಮ ಮಗಳು ಒಬ್ಬಾಕಿನ ಕ್ಲಾಸಿನ್ಯಾಗ ಕುಂದ್ರಾಕತ್ತಾಳ. ಒಬ್ಬ ಲೆಕ್ಚರರ್, ಒಂದು ರೂಮು, ಒಂದು ಅವಧಿ. ನೀವ ಹೇಳ್ರಿ, ಒಬ್ಬಾಕಿ ಸಲುವಾಗಿ ಇಷ್ಟೆಲ್ಲಾ ಮಾಡಬೇಕೇನ್ರಿ?"

"ಸತ್ತಾವ್ರೂ ಒಬ್ಬರ ಇದ್ರರಿ ಸರ" ಎಂದೆ.